ಮರಳುಗಾಡಿನ ಸಸ್ಯೋಪಾಸಕರಿಬ್ಬರು

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಇಂಥ ಮಹೋತ್ಸವದ ಸಭೆಯಲ್ಲಿ ಪುರಾತನರ ಚರಿತ್ರೆಯನ್ನೋ ಷಟ್‌ಸ್ಥಲದ ವಿವರಣೆಯನ್ನೋ ಕೇಳಬಯಸಿ ಬಂದವರಿಗೆ ಇಂದಿನ ವಿಷಯವು ಮೊದಲು ಸ್ವಲ್ಪ ವಿಚಿತ್ರವೆನಿಸಬಹುದು. ಇಂದು ಹೇಳತಕ್ಕುದು ಸಸ್ಯಶಾಸ್ತ್ರದ ಇಬ್ಬರು ಪ್ರಾಧ್ಯಾಪಕರ ವೃತ್ತಾಂತವು. ಅವರಿಬ್ಬರೂ ಜರ್ಮನ್ ನಾಡಿನಲ್ಲಿ ಹುಟ್ಟಿದವರು. ಲಿಂಗಧಾರಿಗಳಲ್ಲ, ಕನ್ನಡವನ್ನರಿತವರಲ್ಲ, ಕಾಯಕವೆಂಬ ಶಬ್ದವನ್ನು ಕಿವಿಯಿಂದ ಕೇಳಿದವರೂ ಅಲ್ಲ. ಆದರೂ ಶಬ್ದವನ್ನು ಬಲ್ಲವರಲ್ಲೆಲ್ಲ ಅರ್ಥವಿರುವುದೆಂದು ಹೇಳಬರುವುದಿಲ್ಲ. ಅಂತೆಯೇ ಶಬ್ದವನ್ನರಿಯದವರಲ್ಲಿ ಅರ್ಥವಿಲ್ಲವೆಂದೂ ಹೇಳಬರುವುದಿಲ್ಲ. ಅವರ ಬಾಳನ್ನು ಕೇಳಿದ ಮೇಲೆ ತಾವೇ ತೂಗಿನೋಡಬಹುದು.

ಅವರು ಬೆಳೆಯಿಸಿದ ಶಾಸ್ತ್ರಕ್ಕೆ ಸಸ್ಯಪರಿಸರ ಶರೀರಕ್ರಿಯಾಶಾಸ್ತ್ರವೆಂದು ಉದ್ದವಾದ ಹೆಸರುಂಟು. ಹೆಸರು ದೊಡ್ಡದಾದರೂ ಅದರ ಮೂಲಪ್ರಶ್ನೆ ಒಕ್ಕಲಿಗನ ಪ್ರಶ್ನೆಯೇ: ಈ ಗಿಡವು ಈ ನೆಲದಲ್ಲಿ, ಈ ಬಿಸಿಲಿನಲ್ಲಿ, ಇಷ್ಟೇ ನೀರಿನಲ್ಲಿ ಹೇಗೆ ಬದುಕುತ್ತದೆ? ಎಲೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣವಾದ ರಂಧ್ರಗಳಿರುತ್ತವೆ. ಗಾಳಿಯಲ್ಲಿರುವ ಅಂಗಾರಾಮ್ಲ ವಾಯುವು ಈ ರಂಧ್ರಗಳ ಮೂಲಕ ಒಳಹೊಕ್ಕರೆ, ಎಲೆಯು ಬಿಸಿಲಿನ ಬಲದಿಂದ ಅದನ್ನು ಅನ್ನವಾಗಿ ಮಾರ್ಪಡಿಸಿಕೊಳ್ಳುವುದು. ಆದರೆ ಅನ್ನವು ಒಳಗೆ ಬರುವ ಬಾಗಿಲೂ, ನೀರು ಆವಿಯಾಗಿ ಹೊರಗೆ ಹೋಗುವ ಬಾಗಿಲೂ ಒಂದೇ. ಬಾಗಿಲು ತೆರೆದರೆ ಬಾಯಾರಿಕೆ, ಮುಚ್ಚಿದರೆ ಹಸಿವು. ಮಳೆ ಸಮೃದ್ಧವಾದ ಮಲೆನಾಡಿನಲ್ಲಿ ಈ ಸಂಕಟವು ಗಿಡಕ್ಕೆ ಅಷ್ಟಾಗಿ ತೋರದು. ಮರಳುಗಾಡಿನಲ್ಲಿಯಾದರೋ ಪ್ರತಿದಿನವೂ ಪ್ರತಿ ಗಳಿಗೆಯೂ ಇದೇ ಲೆಕ್ಕಾಚಾರ. ಆದುದರಿಂದ ಸಸ್ಯದ ವಿವೇಕವನ್ನು ಕಾಣಬೇಕೆಂಬವನು ಮರಳುಗಾಡಿಗೇ ಹೋಗಬೇಕು. ಈ ಇಬ್ಬರೂ ಅಲ್ಲಿಗೇ ಹೋದರು. ಆದರೆ ಹೋದ ಕಾರಣಗಳು ಮಾತ್ರ ಬೇರೆಬೇರೆ. ಒಬ್ಬರನ್ನು ದೇಶವು ಹೊರಗೆ ನೂಕಿತು. ಇನ್ನೊಬ್ಬರನ್ನು ಜಿಜ್ಞಾಸೆಯು ಕರೆದೊಯ್ಯಿತು.

ಮೊದಲನೆಯವರು ಮೈಕೇಲ್ ಎವೆನಾರಿ. ಇದು ಅವರು ಆಮೇಲೆ ಇಟ್ಟುಕೊಂಡ ಹೆಸರು. 1904ರಲ್ಲಿ ಮೆಟ್ಜ್ ಪಟ್ಟಣದಲ್ಲಿ ಹುಟ್ಟಿದಾಗ ತಂದೆತಾಯಿಗಳಿಟ್ಟ ಹೆಸರು ವಾಲ್ಟರ್ ಶ್ವಾರ್ಟ್ಜ್. ಮೆಟ್ಜ್ ಆಗ ಜರ್ಮನಿಗೆ ಸೇರಿತ್ತು. ಮೊದಲನೆಯ ಮಹಾಯುದ್ಧದ ಬಳಿಕ ಫ್ರಾನ್ಸಿಗೆ ಸೇರಿತು. ಫ್ರಾಂಕ್‌ಫರ್ಟಿನಲ್ಲಿ ಸಸ್ಯಶಾಸ್ತ್ರವನ್ನು ಕಲಿತು, ಕೆಲಕಾಲ ಪ್ರಾಗಿನಲ್ಲಿದ್ದು, ಡಾರ್ಮ್‌ಸ್ಟಾಟಿನ ವಿದ್ಯಾಲಯದಲ್ಲಿ ಅಧ್ಯಾಪಕವೃತ್ತಿಯಲ್ಲಿ ನಿಂತರು. ಪಾಠ, ಪ್ರಯೋಗ, ಗ್ರಂಥ—ಹೀಗೆ ಒಬ್ಬ ವಿದ್ವಾಂಸನ ಬಾಳು ನೇರವಾಗಿ ಸಾಗುವಂತೆ ತೋರುತ್ತಿತ್ತು. 1933ರಲ್ಲಿ ಹಿಟ್ಲರನ ಕೈಗೆ ಅಧಿಕಾರವು ಬಂದಿತು. ಆ ವರ್ಷದ ವಸಂತದಲ್ಲಿಯೇ ಯೆಹೂದಿ ಕುಲದವರನ್ನು ವಿದ್ಯಾಲಯಗಳಿಂದ ತೆಗೆದುಹಾಕಿದರು. ಶ್ವಾರ್ಟ್ಜರೂ ಹೊರಬಿದ್ದರು. ಅವರ ವಿದ್ಯೆಯಲ್ಲಿ ಕೊರತೆಯಿರಲಿಲ್ಲ, ನಡತೆಯಲ್ಲಿ ದೋಷವಿರಲಿಲ್ಲ; ಹುಟ್ಟೇ ಅಪರಾಧವಾಯಿತು. ಹುಟ್ಟನ್ನು ನೋಡಿ ಮನುಷ್ಯನ ಬೆಲೆಕಟ್ಟುವ ಈ ರೋಗವು ಎಲ್ಲಿಯದಾದರೇನು, ಅದರ ಮುಖ ಒಂದೇ. ಕಲ್ಯಾಣದ ಕಥೆಯನ್ನು ಕೇಳಿ ಬೆಳೆದ ಈ ಸಭೆಗೆ ಅದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಅವರು ಅದೇ ವರ್ಷ ಪ್ಯಾಲೆಸ್ಟೈನಿಗೆ ಬಂದು ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದರು. ಆ ವಿದ್ಯಾಲಯವು ಆರಂಭವಾಗಿ ಆಗ ಎಂಟೇ ವರ್ಷಗಳಾಗಿದ್ದುವು. ಅಲ್ಲಿ ಪಾಠ ಹೇಳುವುದು ಹೀಬ್ರೂ ಭಾಷೆಯಲ್ಲಿ. ಶತಮಾನಗಳ ಕಾಲ ಪ್ರಾರ್ಥನೆಗೂ ಧರ್ಮಗ್ರಂಥಕ್ಕೂ ಮೀಸಲಾಗಿದ್ದ ಆ ಭಾಷೆಯಲ್ಲಿ ಎಲೆಯ ರಂಧ್ರ, ಬೀಜದ ನಿದ್ರೆ, ಬೇರಿನ ಹೀರಿಕೆ ಮೊದಲಾದುವುಗಳಿಗೆ ಮಾತುಗಳನ್ನು ಹೊಸದಾಗಿ ಟಂಕಿಸಬೇಕಾಗಿದ್ದಿತು. ಶಾಸ್ತ್ರವು ಜನಭಾಷೆಯಲ್ಲಿ ನಿಲ್ಲಲಾರದೆಂದು ಹೇಳುವವರು ಕನ್ನಡನಾಡಿನಲ್ಲಿಯೂ ಇದ್ದರು, ಇನ್ನೂ ಇದ್ದಾರೆ. ಸಸ್ಯಶಾಸ್ತ್ರಜ್ಞರಾದ ಬಿ. ಜಿ. ಎಲ್. ಸ್ವಾಮಿಯವರು 1976ರಲ್ಲಿ ‘ಹಸುರು ಹೊನ್ನು’ ಎಂಬ ಗ್ರಂಥವನ್ನು ಪ್ರಕಟಿಸಿ ಅಂಥವರಿಗೆ ಸಾಕಷ್ಟು ಉತ್ತರವನ್ನು ಕೊಟ್ಟಿದ್ದಾರೆ.

ಎವೆನಾರಿಯವರ ಮೊದಲ ಆಸಕ್ತಿಯು ಬೀಜದ ಮೇಲೆ. ಬೀಜವು ನೀರು ತಾಕಿದೊಡನೆ ಮೊಳೆಯುವುದೆಂದು ಸಾಮಾನ್ಯವಾಗಿ ತಿಳಿದಿರುತ್ತೇವಷ್ಟೆ. ಮರಳುಗಾಡಿನಲ್ಲಿ ಹಾಗೆ ಮೊಳೆತರೆ ನಾಶವೇ ಗತಿ. ಒಂದು ಹನಿಮಳೆಗೆ ಮೊಳೆತು ಮರುದಿನದ ಬಿಸಿಲಿಗೆ ಸುಟ್ಟುಹೋಗುವುದು. ಆದುದರಿಂದ ಅನೇಕ ಬೀಜಗಳ ಸಿಪ್ಪೆಯಲ್ಲಿ, ಹಣ್ಣಿನ ತಿರುಳಿನಲ್ಲಿ, ಮೊಳಕೆಯನ್ನು ತಡೆಯುವ ದ್ರವ್ಯಗಳಿರುತ್ತವೆ. ಸಾಕಷ್ಟು ಮಳೆ ಬಂದು ಆ ದ್ರವ್ಯವನ್ನು ತೊಳೆದ ಹೊರತು ಬೀಜವು ಕಣ್ತೆರೆಯದು. ಹೀಗೆ ಬೀಜವೇ ಮಳೆಯನ್ನಳೆಯುವ ಮಾಪಕವಾಗಿದೆ. ಈ ದ್ರವ್ಯಗಳ ವಿಷಯವಾಗಿ ಅವರು 1949ರಲ್ಲಿ ಬರೆದ ವಿಸ್ತಾರವಾದ ಸಮೀಕ್ಷೆಯು ಆ ಶಾಸ್ತ್ರದವರಿಗೆ ಬಹುಕಾಲ ಆಧಾರವಾಗಿದ್ದಿತು. ಇನ್ನು ಕೆಲವು ಗಿಡಗಳಲ್ಲಿ ತಾಯಿಯು ಸತ್ತು ಒಣಗಿದ ಮೇಲೆಯೂ ಬೀಜಗಳನ್ನು ತನ್ನ ಒಣಮುಷ್ಟಿಯಲ್ಲಿಯೇ ಹಿಡಿದುಕೊಂಡಿದ್ದು, ಒಂದೊಂದು ಮಳೆಗೆ ಒಂದಿಷ್ಟನ್ನು ಮಾತ್ರ ಬಿಟ್ಟುಕೊಡುವುದು. ಎಲ್ಲವನ್ನೂ ಒಂದೇ ಮಳೆಗೆ ಒಪ್ಪಿಸುವುದಿಲ್ಲ. ಬಿತ್ತನೆಯ ಬೀಜವನ್ನು ಹಗೇವಿನಲ್ಲಿ ಕಾದಿಟ್ಟು ಹದ ನೋಡಿ ತೆಗೆಯುವ ಮುದುಕಿಯರನ್ನು ಬಲ್ಲವರಿಗೆ ಈ ಮಾತು ಬೇಗನೆ ಮನಸ್ಸಿಗೆ ಹತ್ತುವುದು.

ವಿಶ್ವವಿದ್ಯಾಲಯದಲ್ಲಿ ಅವರು ಮೇಲೇರುತ್ತ ಹೋಗಿ ಉಪಾಧ್ಯಕ್ಷರಾದರು. ಕಡತಗಳು, ಸಭೆಗಳು, ಹಣದ ಲೆಕ್ಕ—ವಿದ್ವಾಂಸರಿಗೆ ಇಂಥ ಗೌರವವು ಅನೇಕ ವೇಳೆ ಶಿಕ್ಷೆಯೇ ಸರಿ. ಆದರೆ ಐವತ್ತು ದಾಟಿದ ಮೇಲೆ, ಇತರರು ವಿಶ್ರಾಂತಿಯನ್ನು ಚಿಂತಿಸುವ ವಯಸ್ಸಿನಲ್ಲಿ, ಅವರು ತಮ್ಮ ಬಾಳಿನ ಮುಖ್ಯ ಕಾರ್ಯವನ್ನು ಕೈಕೊಂಡರು.

ಆ ದೇಶದ ದಕ್ಷಿಣಕ್ಕೆ ನೆಗೆವ್ ಎಂಬ ಮರಳುಗಾಡಿದೆ. ಅದರ ಎತ್ತರದ ಭಾಗದಲ್ಲಿ ಅವ್ದಾತ್, ಶಿವ್ತಾ ಮೊದಲಾದ ಹಾಳು ಪಟ್ಟಣಗಳುಂಟು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಪೆಟ್ರಾ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದ ನಬಾತೀಯರೆಂಬ ಜನರು ಅವನ್ನು ಸ್ಥಾಪಿಸಿದರು. ಅವರ ತರುವಾಯ ರೋಮನರ, ಬೈಜಾಂಟೀಯರ ಕಾಲದಲ್ಲಿಯೂ ಅಲ್ಲಿ ಒಕ್ಕಲುತನವು ನಡೆಯಿತು. ಅವ್ದಾತಿನಲ್ಲಿ ವರ್ಷಕ್ಕೆ ಬೀಳುವ ಮಳೆಯಾದರೋ 80ರಿಂದ 90 ಮಿಲಿಮೀಟರು, ಅಂದರೆ ಮೂರೂವರೆ ಅಂಗುಲ. ವಿಜಾಪುರ ಸೀಮೆಯನ್ನು ಬರಗಾಲದ ತವರೆಂದು ಕರೆಯುತ್ತಾರಷ್ಟೆ. ಅಲ್ಲಿಯೂ 600 ಮಿಲಿಮೀಟರಿನ ಆಸುಪಾಸಿಗೆ ಬೀಳುತ್ತದೆ. ಹೊಳೆಯಿಲ್ಲ, ಕೆರೆಯಿಲ್ಲ, ಬಾವಿಯ ನೀರಿನ ಆಸರೆಯಿಲ್ಲ. ಆದರೂ ಅಲ್ಲಿ ದ್ರಾಕ್ಷಿಯ ಗಾಣಗಳ ಅವಶೇಷಗಳಿವೆ, ಹಳ್ಳಹಳ್ಳಕ್ಕೂ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಕಲ್ಲಿನ ಒಡ್ಡುಗಳಿವೆ. ಈ ಜನರು ಏನನ್ನು ಬೆಳೆದರು, ಯಾವ ನೀರಿನಿಂದ ಬೆಳೆದರು?

ಎವೆನಾರಿಯವರು ಲೆಸ್ಲಿ ಶಾನನ್ ಎಂಬ ನೀರಾವರಿ ತಜ್ಞರನ್ನೂ ನಾಫ್ತಾಲಿ ತಾದ್ಮೋರ್ ಎಂಬ ಕೃಷಿಶಾಸ್ತ್ರಜ್ಞರನ್ನೂ ಕೂಡಿಕೊಂಡು ಆ ಒಡ್ಡುಗಳ ಜಾಡನ್ನು ಹಿಡಿದು ನಡೆದರು. ಮರ್ಮವು ನೆಲದಲ್ಲಿಯೇ ಇದ್ದಿತು. ಗಾಳಿ ಹೊತ್ತುತಂದು ಹಾಸಿದ ಅಲ್ಲಿಯ ನುಣುಪು ಮಣ್ಣು ಮಳೆಯ ಮೊದಲ ಹನಿಗಳಿಗೇ ಮೇಲೆ ಹೆಪ್ಪುಗಟ್ಟುತ್ತದೆ. ಆಮೇಲೆ ಬಿದ್ದ ನೀರು ಒಳಗೆ ಇಂಗದೆ ಇಳಿಜಾರಿನಲ್ಲಿ ಹರಿಯತೊಡಗುವುದು. ಮಣ್ಣಿನ ಈ ದೋಷವನ್ನೇ ಆ ಪ್ರಾಚೀನರು ಗುಣವಾಗಿ ಮಾಡಿಕೊಂಡರು. ಒಂದು ಎಕರೆ ಹೊಲಕ್ಕೆ ಇಪ್ಪತ್ತು ಮೂವತ್ತು ಎಕರೆ ಗುಡ್ಡದ ಇಳುಕಲನ್ನು ಬಿಟ್ಟು, ಸಣ್ಣ ಕಾಲುವೆಗಳಿಂದ ಆ ನೀರನ್ನು ಹೊಲಕ್ಕೆ ತಿರುಗಿಸಿ, ಒಡ್ಡಿನಲ್ಲಿ ತಡೆದು ನಿಲ್ಲಿಸಿ, ಹೆಚ್ಚಾದುದನ್ನು ಕಲ್ಲಿನ ಕೋಡಿಯ ಮೂಲಕ ಕೆಳಗಿನ ಹೊಲಕ್ಕೆ ಇಳಿಸುತ್ತಿದ್ದರು. ಗುಡ್ಡದ ಮೇಲೆ ಬಿದ್ದ ಮಳೆಯಲ್ಲಿ ಐದಾರರಲ್ಲೊಂದು ಪಾಲು ಹರಿದುಬಂದರೂ, ಹೊಲಕ್ಕೆ 300ರಿಂದ 500 ಮಿಲಿಮೀಟರು ಮಳೆಯಾದಷ್ಟು ನೀರು ದೊರೆಯುವುದು. ಗುಡ್ಡಗಳ ಮೇಲೆ ಸಾಲುಸಾಲಾಗಿ ಕಲ್ಲುಗುಪ್ಪೆಗಳಿದ್ದುವು. ಅಲ್ಲಿಯ ಬೆದುಯಿನ್ ಅರಬರು ಅವನ್ನು ದ್ರಾಕ್ಷಿಯ ಗುಪ್ಪೆಗಳೆಂದು ಕರೆಯುತ್ತಿದ್ದರು. ಅವುಗಳ ಉದ್ದೇಶವೇನೆಂಬುದರ ಬಗ್ಗೆ ಪಂಡಿತರಲ್ಲಿ ಬಹಳ ವಾದಗಳು ನಡೆದಿದ್ದುವು. ಎವೆನಾರಿಯವರು ವಾದಕ್ಕೆ ಕೂಡದೆ ಗುಡ್ಡದ ಒಂದು ಭಾಗದಲ್ಲಿ ಕಲ್ಲನ್ನು ಆರಿಸಿ, ಇನ್ನೊಂದರಲ್ಲಿ ಹಾಗೆಯೇ ಬಿಟ್ಟು, ಮಳೆ ಬಂದಾಗ ನೀರನ್ನಳೆದರು. ಕಲ್ಲು ಆರಿಸಿದ ನೆಲದಿಂದ ನೀರು ಹೆಚ್ಚು ಹರಿಯಿತು. ಗುಪ್ಪೆಗಳು ನೆಲವನ್ನು ಬೋಳಿಸಿದ ಕೆಲಸದ ಗುರುತೆಂದು ಅವರ ಅಭಿಪ್ರಾಯವಾಯಿತು.

ಅಳತೆಯಿಂದ ಅವರು ತೃಪ್ತರಾಗಲಿಲ್ಲ. 1958ರಲ್ಲಿ ಶಿವ್ತಾದಲ್ಲಿಯೂ 1959ರಲ್ಲಿ ಅವ್ದಾತಿನಲ್ಲಿಯೂ ಹಳೆಯ ಒಡ್ಡುಗಳನ್ನೇ ದುರಸ್ತಿಮಾಡಿ, ಹಳೆಯ ರೀತಿಯಲ್ಲಿಯೇ ತೋಟಗಳನ್ನೆಬ್ಬಿಸಿದರು. ಬಾದಾಮಿ, ಜರ್ದಾಳು, ದ್ರಾಕ್ಷಿ, ಪಿಸ್ತಾ, ಆಲಿವ್ ಮರಗಳನ್ನು ನೆಟ್ಟರು, ಜವೆಗೋದಿಯನ್ನೂ ಬಿತ್ತಿದರು. ಹೊರಗಿನಿಂದ ಕೊಳವೆಯ ನೀರನ್ನು ತಂದು ಬೇಸಾಯ ಮಾಡಲಿಲ್ಲ. ಸರಾಸರಿಯ ಅರ್ಧಮಳೆಯೂ ಬಾರದ ವರ್ಷದಲ್ಲಿಯೂ ಮರಗಳು ಉಳಿದುವು. ಪತ್ನಿ ಲೀಸೆಲರೊಡನೆ ಅವರು ಆ ತೋಟದ ಮನೆಯಲ್ಲಿಯೇ ದಿನಗಳನ್ನು ಕಳೆದರು. ಈ ಪ್ರಯತ್ನದ ವೃತ್ತಾಂತವೆಲ್ಲ ಮೂವರೂ ಸೇರಿ 1971ರಲ್ಲಿ ಪ್ರಕಟಿಸಿದ ನೆಗೆವಿನ ಗ್ರಂಥದಲ್ಲಿದೆ.

ಇಲ್ಲಿ ಒಂದು ಮಾತನ್ನು ಮರೆಮಾಚಲಾಗದು. ನೆಲೆಗೆಟ್ಟು ಬಂದವರಿಗೆ ನೆಲೆಕೊಟ್ಟ ಆ ನಾಡಿನಲ್ಲಿ 1948ರ ಯುದ್ಧದ ಕಾಲಕ್ಕೆ ಲಕ್ಷಾಂತರ ಅರಬರು ತಾವೇ ನೆಲೆಗೆಟ್ಟರು. ನೆಗೆವಿನ ಬೆದುಯಿನರಲ್ಲಿಯೂ ಹೆಚ್ಚಿನವರು ತಮ್ಮ ಸೀಮೆಯನ್ನು ಬಿಡಬೇಕಾಯಿತು. ಒಬ್ಬರ ಆಶ್ರಯವು ಮತ್ತೊಬ್ಬರ ವನವಾಸವಾದುದು ಆ ಭೂಮಿಯ ದುಃಖ. ಎವೆನಾರಿಯವರ ತೋಟದಿಂದ ಅದು ನಿವಾರಣೆಯಾಯಿತೆಂದು ಯಾರೂ ಹೇಳಲಾರರು.

ಇನ್ನು ಎರಡನೆಯವರು. ಓಟೋ ಲುಡ್ವಿಗ್ ಲಾಂಗೆಯವರು 1927ರ ಆಗಸ್ಟ್ ತಿಂಗಳಲ್ಲಿ ಡಾರ್ಟ್‌ಮುಂಡಿನಲ್ಲಿ ಹುಟ್ಟಿದರು. ಎವೆನಾರಿಯವರನ್ನು ಪೀಠದಿಂದಿಳಿಸಿದ ವಸಂತದಲ್ಲಿ ಇವರಿಗೆ ಆರು ವರ್ಷವೂ ತುಂಬಿರಲಿಲ್ಲ. ಯುದ್ಧವು ಮುಗಿದು ನಾಡು ಬೂದಿಯಾಗಿದ್ದಾಗ ಇವರ ವಿದ್ಯಾಭ್ಯಾಸ. 1953ರಲ್ಲಿ ಪ್ರಕಟವಾದ ಇವರ ಮೊದಲ ದೊಡ್ಡ ಪ್ರಬಂಧವು ಕಲ್ಲುಹೂವಿನ ತಾಪಸಹನೆಯನ್ನು ಕುರಿತದ್ದು. ಮಸಾಲೆಗೆ ಹಾಕುವ ಕಲ್ಲುಹೂವನ್ನು ತಾಯಂದಿರೆಲ್ಲ ಬಲ್ಲರು, ಅದು ಹೂವಲ್ಲ. ಶಿಲೀಂಧ್ರವೊಂದೂ ಪಾಚಿಯೊಂದೂ ಒಂದೇ ದೇಹವಾಗಿ ಬಾಳುವ ಜೀವ. ಒಂದು ಮನೆಯನ್ನು ಕಟ್ಟುವುದು, ಇನ್ನೊಂದು ಅನ್ನವನ್ನು ಮಾಡುವುದು. ಬೇರಿಲ್ಲ, ನೀರನ್ನು ಹಿಡಿದಿಡುವ ಉಪಾಯವಿಲ್ಲ. ಒಣಗಿದಾಗ ಸತ್ತಂತಿದ್ದು ತೊಯ್ದಾಗ ಎದ್ದುಕೂಡುವುದು.

ಆಮೇಲೆ ಲಾಂಗೆಯವರು ಆಫ್ರಿಕಾದ ಮಾರಿಟಾನಿಯಾಕ್ಕೆ ಹೋಗಿ ಮರಳುಗಾಡಿನ ಗಿಡಗಳ ಎಲೆಯ ಕಾವನ್ನಳೆದರು. ಅಲ್ಲಿ ಅವರ ಕಣ್ಣಿಗೆ ಬಿದ್ದುದು ಹಾವುಮೆಕ್ಕೆಯ ಬಳ್ಳಿ. ಬಯಲುಸೀಮೆಯ ಹೊಲದ ಬದುವಿನಲ್ಲಿಯೂ ಹಬ್ಬುವ, ಕಹಿಗೆ ಹೆಸರಾದ ಅದೇ ಜಾತಿ. ನೆತ್ತಿ ಸುಡುವ ಮಧ್ಯಾಹ್ನದಲ್ಲಿಯೂ ಅದರ ಎಲೆಯು ಸುತ್ತಣ ಗಾಳಿಗಿಂತ ಹತ್ತು ಡಿಗ್ರಿಗೂ ಮಿಗಿಲಾಗಿ ತಂಪಾಗಿದ್ದಿತು. ಆಳಕ್ಕಿಳಿದ ಬೇರಿನಿಂದ ನೀರನ್ನೆಳೆದು ಧಾರಾಳವಾಗಿ ಆವಿಯಾಗಿ ಬಿಡುತ್ತ ಅದು ತನ್ನನ್ನು ತಂಪಾಗಿಟ್ಟುಕೊಳ್ಳುವುದು. ಎಲೆಯನ್ನು ಬಳ್ಳಿಯಿಂದ ಕತ್ತರಿಸಿದೊಡನೆ ಕಾವು ಏರಿ, ಎಲೆಯು ಸಹಿಸಲಾರದ ಮಟ್ಟವನ್ನು ಮುಟ್ಟಿತು. ಅದೇ ಬಿಸಿಲಿನಲ್ಲಿ ಬೇರೆ ಗಿಡಗಳು ನೀರನ್ನು ಬಿಗಿಹಿಡಿದು, ಕಾದ ಎಲೆಯೊಡನೆಯೇ ಬಾಳುವುದನ್ನೂ ಅವರು ಕಂಡರು. ಒಂದು ದಾನಿಯ ಮಾರ್ಗ, ಇನ್ನೊಂದು ತಪಸ್ವಿಯ ಮಾರ್ಗವೆನ್ನಬಹುದೇನೋ. ಗಿಡಕ್ಕೆ ಈ ಹೆಸರುಗಳ ಗೊಡವೆಯಿಲ್ಲ.

ಪಶ್ಚಿಮ ಜರ್ಮನಿಗೂ ಇಸ್ರೇಲಿಗೂ ರಾಯಭಾರ ಸಂಬಂಧವು ಏರ್ಪಟ್ಟುದು 1965ರಲ್ಲಿ. ಅದಾದ ಎರಡನೆಯ ವರ್ಷ, 1967ರಲ್ಲಿ, ಲಾಂಗೆಯವರು ತಮ್ಮ ಸಂಗಡಿಗರಾದ ಕಾಖ್, ಷುಲ್ಜೆ ಮೊದಲಾದವರೊಡನೆ ಯಂತ್ರಸಾಮಗ್ರಿಗಳನ್ನು ಹೇರಿಕೊಂಡು ಅವ್ದಾತಿನ ತೋಟಕ್ಕೆ ಬಂದರು. ಯಾವ ದೇಶವು ಎವೆನಾರಿಯವರನ್ನು ಹೊರಗೆ ಹಾಕಿತ್ತೋ ಆ ದೇಶದ ತರುಣರು, ಅವರು ನೆಟ್ಟ ಮರದ ಕೆಳಗೆ ಬಂದು ನಿಂತರು. ಎವೆನಾರಿಯವರು ತಮ್ಮ ತೋಟವನ್ನು ಅವರಿಗೆ ತೆರೆದುಕೊಟ್ಟರು. ಆ ದಿನ ಅವರ ಮನಸ್ಸಿನಲ್ಲಿ ಏನೇನು ಹಾಯ್ದುಹೋಯಿತೆಂಬುದನ್ನು ಊಹಿಸಿ ಹೇಳುವುದು ಅಧಿಕಪ್ರಸಂಗವಾದೀತು. ಆ ಸಹಕಾರವು ವರುಷಗಳ ಕಾಲ ಮುರಿಯದೆ ನಡೆಯಿತೆಂಬಷ್ಟು ಮಾತ್ರ ನಿಶ್ಚಯ.

ಅವರ ಯಂತ್ರವು ಹೀಗೆ: ಬೆಳಕು ಹಾಯುವ ಸಣ್ಣ ಕೋಣೆಯೊಂದರಲ್ಲಿ ಬದುಕಿರುವ ಕೊಂಬೆಯನ್ನು ಕಡಿಯದೆಯೇ ಸೇರಿಸುವರು. ಒಳಗಣ ಕಾವನ್ನೂ ತೇವವನ್ನೂ ಬೇಕಾದಂತೆ ಏರಿಸಿ ಇಳಿಸಬಹುದು. ಒಳಹೋದ ಗಾಳಿಯಲ್ಲಿ ಅಂಗಾರಾಮ್ಲವೆಷ್ಟು, ಹೊರಬಂದುದರಲ್ಲಿ ಎಷ್ಟು, ಆವಿಯೆಷ್ಟು ಎಂದು ಹಗಲಿರುಳೂ ಬರೆದಿಡುವರು. ಗಿಡದ ಊಟ ಮತ್ತು ಬೆವರಿನ ದಿನವಹಿ ಲೆಕ್ಕವೇ ಇದು.

ಜರ್ದಾಳು ಮರದ ಮೇಲೆ ನಡೆದ ಪರೀಕ್ಷೆಯಿಂದ ಹೊಸತೊಂದು ತಿಳಿದುಬಂದಿತು. ಎಲೆಯಲ್ಲಿ ನೀರು ಕಡಿಮೆಯಾಗಿ ಬಾಡತೊಡಗಿದ ಮೇಲೆಯೇ ರಂಧ್ರಗಳು ಮುಚ್ಚುವುವೆಂದು ಅದುವರೆಗೆ ಹೆಚ್ಚಿನವರು ತಿಳಿದಿದ್ದರು. ಇವರು ಕೋಣೆಯೊಳಗಿನ ಗಾಳಿಯನ್ನು ಮಾತ್ರ ಒಣಗಿಸಿದರು. ರಂಧ್ರಗಳು ಕಿರಿದಾದುವು, ಎಲೆಯು ಬಾಡಲಿಲ್ಲ, ಅದರ ನೀರಿನ ಸ್ಥಿತಿಯು ಇನ್ನೂ ಉತ್ತಮವಾಯಿತು. ಅಂದರೆ ಕೊಡ ಬರಿದಾಗುವವರೆಗೆ ಕಾಯದೆ, ಒಣಗಾಳಿಯ ಸುಳಿವು ತಾಕಿದಾಗಲೇ ಎಲೆಯು ಬಾಗಿಲನ್ನು ಓರೆಮಾಡಿಕೊಳ್ಳುವುದು. ಲಾಂಗೆಯವರೂ ಸಂಗಡಿಗರೂ ಪ್ರಯೋಗಶಾಲೆಯಲ್ಲಿ ಎಲೆಯ ತೆಳುಸಿಪ್ಪೆಯನ್ನು ಸುಲಿದು, ಒಳಮೈಗೆ ತೇವವನ್ನೂ ಹೊರಮೈಗೆ ಒಣಗಾಳಿಯನ್ನೂ ತಾಕಿಸಿ, ಸೂಕ್ಷ್ಮದರ್ಶಕದಲ್ಲಿ ರಂಧ್ರಗಳು ಮುಚ್ಚುವುದನ್ನೂ ತೇವದ ಗಾಳಿಗೆ ಮತ್ತೆ ತೆರೆಯುವುದನ್ನೂ ಕಣ್ಣಾರೆ ಕಂಡು 1971ರಲ್ಲಿ ಪ್ರಕಟಿಸಿದರು. ಇಂದು ಬೆಳೆಯ ನೀರಿನ ಅಗತ್ಯವನ್ನು ಗಣಿಸುವವರು ಗಾಳಿಯ ಒಣತನವನ್ನು ಲೆಕ್ಕಕ್ಕೆ ಹಿಡಿಯದೆ ಇರಲಾರರು.

ಇದಕ್ಕೂ ಸೊಗಸಾದುದು ಕಲ್ಲುಹೂವಿನ ವೃತ್ತಾಂತ. ನೆಗೆವಿನ ಬಂಡೆಗಳ ಮೇಲೆ ರಾಮಲೀನಾ ಎಂಬ ಕುಲದ ಕಲ್ಲುಹೂವೊಂದಿದೆ. ಅಲ್ಲಿ ಮಳೆ ಅಪರೂಪವಾದರೂ ವರ್ಷದಲ್ಲಿ ಸುಮಾರು 200 ರಾತ್ರಿ ಇಬ್ಬನಿಯು ಬೀಳುವುದು. ರಾತ್ರಿಯೆಲ್ಲ ಅದು ಇಬ್ಬನಿಯನ್ನು ಕುಡಿದು ನೆನೆಯುವುದು. ಸೂರ್ಯೋದಯವಾದೊಡನೆ ಅನ್ನ ಕಟ್ಟುವ ಕೆಲಸವನ್ನು ಆರಂಭಿಸುವುದು. ಬಿಸಿಲೇರಿದಂತೆ ಮೈಯ ತೇವವಾರಿ, ಮೂರು ಗಂಟೆಯಷ್ಟರಲ್ಲಿ ಕೆಲಸವು ನಿಂತುಹೋಗುವುದು. ಮಿಕ್ಕ ಹಗಲೆಲ್ಲ ಕಾದ ಬಂಡೆಯ ಮೇಲೆ ಒಣಗಿದ ಚಕ್ಕೆಯಂತೆ ಬಿದ್ದಿರುವುದು. ಆ ಮೂರು ಗಂಟೆಗಳ ಗಳಿಕೆಯಿಂದ ರಾತ್ರಿಯ ಉಸಿರಾಟದ ಖರ್ಚನ್ನು ಕಳೆದು ಉಳಿದುದೇ ಅದರ ಬೆಳವಣಿಗೆ. ಇಬ್ಬನಿ ಬೀಳದಿದ್ದರೂ ಗಾಳಿಯ ತೇವವು ನೂರಕ್ಕೆ 80ರಷ್ಟಿದ್ದರೆ ಸಾಕು, ಹನಿನೀರನ್ನು ಕಾಣದೆಯೇ ಅದು ಎಚ್ಚರಗೊಂಡು ಕೆಲಸ ಮಾಡಬಲ್ಲುದೆಂದೂ ಅಳತೆಯಿಂದ ಸಿದ್ಧವಾಯಿತು. ಈ ಗುಣವು ಎಲ್ಲ ಕಲ್ಲುಹೂವುಗಳಿಗಿಲ್ಲ. ಹಸುರುಪಾಚಿಯನ್ನು ಒಳಗೊಂಡವುಗಳಿಗೆ ಉಂಟು, ನೀಲಿಹಸುರು ಜಾತಿಯನ್ನು ಒಳಗೊಂಡವುಗಳಿಗೆ ಹನಿನೀರೇ ಬೇಕು. ಈ ಭೇದವನ್ನು ಕಂಡುಹಿಡಿದು 1986ರಲ್ಲಿ ಪ್ರಕಟಿಸಿದವರೂ ಲಾಂಗೆಯವರೂ ಅವರ ಜೊತೆಗಾರರೂ.

1967ರಲ್ಲಿಯೇ ಲಾಂಗೆಯವರು ವ್ಯುರ್ಟ್ಸ್‌ಬರ್ಗಿನ ಸಸ್ಯಶಾಸ್ತ್ರ ಪೀಠಕ್ಕೆ ಬಂದಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸಸ್ಯಶರೀರಶಾಸ್ತ್ರದ ಆಚಾರ್ಯನೆನಿಸಿದ ಯೂಲಿಯುಸ್ ಸಾಕ್ಸನು ಪಾಠ ಹೇಳಿದ ಸ್ಥಾನವದು. ಅಲ್ಲಿ ಕಾಲು ಶತಮಾನ ಕಾಲ ಇವರು ಶಿಷ್ಯರನ್ನು ತಯಾರುಮಾಡಿದರು. ಷುಲ್ಜೆಯವರು ಮುಂದೆ ಯೇನಾ ಪಟ್ಟಣದ ಮಾಕ್ಸ್ ಪ್ಲಾಂಕ್ ಸಂಸ್ಥೆಯ ನಿರ್ದೇಶಕರಾದರು. ಕಾಪೆನ್ ಎಂಬವರು ಕೀಲ್ ನಗರದಲ್ಲಿ ಆಚಾರ್ಯರಾದರು. 1981ರಿಂದ 1983ರವರೆಗೆ, ಜರ್ಮನಿಯ ಜೀಗ್ಲರ್, ಅಮೆರಿಕದ ನೋಬೆಲ್, ಆಸ್ಟ್ರೇಲಿಯದ ಆಸ್ಮಂಡ್ ಇವರೊಡನೆ ಈ ಶಾಸ್ತ್ರದ ಸಮಗ್ರ ಸಂಗ್ರಹವನ್ನು ನಾಲ್ಕು ಸಂಪುಟಗಳಲ್ಲಿ ಸಂಪಾದಿಸಿ ಹೊರತಂದರು. ಗುರುವಿನ ಹಿರಿಮೆಯನ್ನು ಗ್ರಂಥದ ತೂಕದಿಂದಳೆಯುವ ಪದ್ಧತಿಯು ಮಠಗಳಲ್ಲಿಯೂ ಇಲ್ಲದಿಲ್ಲ. ಆದರೆ ಶಿಷ್ಯನು ಸ್ವತಂತ್ರವಾಗಿ ನಿಂತನೋ ಇಲ್ಲವೋ ಎಂಬುದೇ ಹೆಚ್ಚು ನಂಬತಕ್ಕ ಅಳತೆ.

1988ರಲ್ಲಿ ಇಟಲಿ ಮತ್ತು ಸ್ವಿಟ್ಸರ್ಲೆಂಡುಗಳ ಬಾಲ್ಜಾನ್ ಪ್ರತಿಷ್ಠಾನವು ಅನ್ವಿತ ಸಸ್ಯಶಾಸ್ತ್ರಕ್ಕಾಗಿ ಮೀಸಲಾದ ಪಾರಿತೋಷಕವನ್ನು ಎವೆನಾರಿ, ಲಾಂಗೆ ಇಬ್ಬರಿಗೂ ಸೇರಿಸಿ ಕೊಟ್ಟಿತು. ಹೊರಗೆ ಹಾಕಲ್ಪಟ್ಟ ಮೇಲೆ ಎವೆನಾರಿಯವರಿಗೆ ಅದು ಐವತ್ತೈದನೆಯ ವರ್ಷ. ಮರುವರ್ಷ, 1989ರಲ್ಲಿ, ಅವರು ದೇಹವನ್ನು ಬಿಟ್ಟರು. ಅವರನ್ನು ಒಮ್ಮೆ ತೆಗೆದುಹಾಕಿದ್ದ ಡಾರ್ಮ್‌ಸ್ಟಾಟಿನ ವಿದ್ಯಾಲಯದಲ್ಲಿ ಜರ್ಮನ್–ಯೆಹೂದಿ ಸಂಬಂಧಗಳ ಅಧ್ಯಯನಕ್ಕಾಗಿ ಮುಂದೆ ಏರ್ಪಟ್ಟ ವೇದಿಕೆಗೆ ಅವರದೇ ಹೆಸರನ್ನಿಟ್ಟರು.

ಲಾಂಗೆಯವರು 2017ರ ಆಗಸ್ಟ್ ತಿಂಗಳವರೆಗೆ, ತೊಂಬತ್ತಕ್ಕೆ ತೀರ ಹತ್ತಿರವಾಗುವ ತನಕ, ಬಾಳಿದರು. ಪೀಠದಿಂದ ನಿವೃತ್ತರಾದ ಮೇಲೂ ಅವರ ಕೆಲಸವು ನಿಲ್ಲಲಿಲ್ಲ. ನಮೀಬಿಯಾದ ಮರಳುಗಾಡಿಗೂ ಪನಾಮಾದ ಮಳೆಗಾಡಿಗೂ ಹೋಗಿಬಂದರು. ಕಡೆಗೆ ಅವರು ಆಯ್ದುಕೊಂಡ ವಸ್ತುವು ವ್ಯುರ್ಟ್ಸ್‌ಬರ್ಗಿನ ಸಸ್ಯೋದ್ಯಾನದಲ್ಲಿಯೇ ಇದ್ದಿತು: ಊರ ಗೋಡೆಗಳ ಮೇಲೆಲ್ಲ ಬೆಳೆಯುವ, ದಾರಿಹೋಕರು ಕಲೆಯೆಂದೆಣಿಸುವ ಲೆಕನೋರಾ ಎಂಬ ಬೂದುಬಣ್ಣದ ಕಲ್ಲುಹೂವು. ಅದರ ಮೇಲೆ ತಾನಾಗಿಯೇ ತೆರೆದು ಮುಚ್ಚಿಕೊಳ್ಳುವ ಅಳತೆಯ ಪೆಟ್ಟಿಗೆಯೊಂದನ್ನಿಟ್ಟು, ಮಳೆ, ಹಿಮ, ಬಿಸಿಲು, ಇಬ್ಬನಿಗಳಲ್ಲಿ ಒಂದು ವರ್ಷಕ್ಕೂ ಮೀರಿ, ಹಗಲೂ ಇರುಳೂ ಅದರ ಉಸಿರನ್ನು ಎಣಿಸಿದರು. ಆ ಲೆಕ್ಕವು ಅಚ್ಚಾಗಿ ಮುಗಿದಾಗ, 2003ರಲ್ಲಿ, ಅವರಿಗೆ ಎಪ್ಪತ್ತಾರು ವರ್ಷ.